ಮೊದಲ ಕೆಲಸವೋ, ಒಂದು ವರ್ಷದ ಬಿಡುವೋ: ನಿರ್ಧರಿಸುವ ಬಗೆ

ಪ್ರತಿ ವರ್ಷ ಫಲಿತಾಂಶ ಹತ್ತಿರವಾಗುವ ದಿನಗಳಲ್ಲಿ ದಾವಣಗೆರೆಯ ನಮ್ಮ ಕಾಲೇಜಿನ ಅಂತಿಮ ವರ್ಷದವರು ಕೆಲವರು ಆಫರ್ ಲೆಟರ್ ಹಿಡಿದುಕೊಂಡು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಕ್ಯಾಂಪಸ್ ಆಯ್ಕೆಯಲ್ಲಿ ಕೆಲಸ ಸಿಕ್ಕಿರುತ್ತದೆ, ಆದರೆ ಮನಸ್ಸು ಎಂ.ಟೆಕ್. ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯ ಕಡೆಗೋ ರಾಜ್ಯ ಆಡಳಿತ ಸೇವೆಯಾದ ಕೆ.ಎ.ಎಸ್. ಕಡೆಗೋ ಎಳೆಯುತ್ತಿರುತ್ತದೆ, ಇಲ್ಲವೇ ಹದಿನಾರು ವರ್ಷ ಬಿಡದೆ ಓದಿ ದಣಿದು, ಒಂದು ವರ್ಷ ಸುಮ್ಮನಿದ್ದು ನೋಡೋಣ ಎನಿಸಿರುತ್ತದೆ. ಅವರೊಂದಿಗೆ ಕುಳಿತು ನಾನು ಯಾವ ಕ್ರಮದಲ್ಲಿ ವಿಚಾರ ಮಾಡಿಸುತ್ತೇನೋ ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಬೇರ್ಪಡಿಸಬೇಕಾದ ಎರಡು ಸಂಗತಿಗಳಿವೆ: ಬಿಡುವು ಬೇಕೆಂಬ ಆಸೆ ಮತ್ತು ಊರು ಬಿಡುವ ಅಳುಕು. ನಮ್ಮೂರು ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಗೆ ಹೆಸರಾಗಿತ್ತು. ಈಗ ಕಾಲೇಜುಗಳಿಗೆ ಹೆಸರಾಗಿದೆ. 1951ರಲ್ಲಿ ಆರಂಭವಾದ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜಿನಿಂದ 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾನಿಲಯದವರೆಗೆ ಇಲ್ಲಿ ಓದಲು ಅವಕಾಶ ಬೇಕಾದಷ್ಟಿದೆ, ಆದರೆ ಓದಿದವರೆಲ್ಲರಿಗೂ ಸಾಲುವಷ್ಟು ಕೆಲಸ ಇಲ್ಲಿಲ್ಲ. ಹೀಗಾಗಿ ನಮ್ಮ ಮಕ್ಕಳಿಗೆ ಕೆಲಸ ಎಂದರೆ ಸುಮಾರು 260 ಕಿಲೋಮೀಟರ್ ದೂರದ ಬೆಂಗಳೂರು, ಬಿಡುವು ಎಂದರೆ ಮನೆ. ಬಿಡುವು ಬೇಕೆಂದು ಬಂದವರನ್ನು ನಿಧಾನವಾಗಿ ಮಾತನಾಡಿಸಿದಾಗ, ಅವರಲ್ಲಿ ಎಷ್ಟೋ ಮಂದಿಗೆ ಬೇಕಾಗಿರುವುದು ಬಿಡುವಲ್ಲ, ಊರು ಬಿಡಲು ಇನ್ನೊಂದಿಷ್ಟು ಕಾಲ ಎಂಬುದು ಗೊತ್ತಾಗುತ್ತದೆ. ಆ ಅಳುಕು ಸಹಜವಾದದ್ದು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಅದು ಮುಂದಿನ ವರ್ಷವೂ ಇಷ್ಟೇ ಇರುತ್ತದೆಯಾದ್ದರಿಂದ ಅದಕ್ಕಾಗಿ ಒಂದು ವರ್ಷವನ್ನು ತೆರಬಾರದು. ಅದೇ ಕೆಲಸ ನಿಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿದ್ದಿದ್ದರೆ ಸೇರುತ್ತಿದ್ದಿರಾ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಹೌದು ಎಂಬ ಉತ್ತರ ತಡವಿಲ್ಲದೆ ಬಂದರೆ ಕೆಲಸಕ್ಕೆ ಸೇರಿ.

ಇಲ್ಲ ಎಂಬ ಉತ್ತರ ಬಂದವರು ಒಂದು ಹಾಳೆಯ ಮೇಲೆ, ವರ್ಷ ಮುಗಿದಾಗ ಈಗ ಇಲ್ಲದ ಯಾವುದು ನನ್ನ ಬಳಿ ಇರುತ್ತದೆ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು. ವಾಕ್ಯದಲ್ಲಿ ಒಂದು ಪರೀಕ್ಷೆಯ ಹೆಸರೋ, ಕಲಿಯಬೇಕಾದ ಒಂದು ವಿದ್ಯೆಯೋ, ಅಪ್ಪನ ಚಿಕಿತ್ಸೆ ಮುಗಿಯುವವರೆಗೆ ಅಂಗಡಿ ನೋಡಿಕೊಳ್ಳುವ ಹೊಣೆಯೋ ಬಂದರೆ ಮುಂದೆ ಯೋಚಿಸಲು ಆಧಾರವಿದೆ. ಬರೀ ವಿಶ್ರಾಂತಿ ಬೇಕಾಗಿದ್ದರೆ ಕೊನೆಯ ಪರೀಕ್ಷೆಗೂ ಕೆಲಸಕ್ಕೆ ಸೇರುವ ದಿನಕ್ಕೂ ನಡುವೆ ಸಿಗುವ ವಾರಗಳು ಸಾಕು.

ಪರೀಕ್ಷೆ ಬರೆಯುವವರು ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂರಬೇಕು, ಏಕೆಂದರೆ ಎಲ್ಲ ಪರೀಕ್ಷೆಗೂ ಒಂದೇ ವರ್ಷ ಬೇಕಾಗುವುದಿಲ್ಲ. ಗೇಟ್ ಫೆಬ್ರವರಿಯಲ್ಲಿ ನಡೆದು ಮಾರ್ಚ್‌ನಲ್ಲಿ ಫಲಿತಾಂಶ ಬರುತ್ತದೆ. ಅಂದರೆ ಜುಲೈಯಿಂದ ಎಣಿಸಿದರೆ ನಿಮಗೆ ಬೇಕಾದದ್ದು ಎಂಟು ತಿಂಗಳು. ಅದರ ಅಂಕ ಮೂರು ವರ್ಷ ಊರ್ಜಿತವಾಗಿರುವುದರಿಂದ, ಒಮ್ಮೆ ಒಳ್ಳೆಯ ಅಂಕ ಬಂದರೆ ಕೆಲಸ ಮಾಡುತ್ತಲೇ ಎಂ.ಟೆಕ್. ಯಾವಾಗ ಎಂದು ಯೋಚಿಸಬಹುದು. ಸ್ಪಷ್ಟ ಅವಧಿಯ ಬಿಡುವಿಗೆ ಇದಕ್ಕಿಂತ ಸೂಕ್ತವಾದ ಪರೀಕ್ಷೆ ನನಗೆ ಕಾಣುವುದಿಲ್ಲ. ಎಂ.ಬಿ.ಎ. ಬಯಸುವವರ ಕ್ಯಾಟ್ ನವೆಂಬರ್‌ನಲ್ಲಿಯೇ ಮುಗಿಯುತ್ತದೆ.

ಕೇಂದ್ರದ ಹುದ್ದೆಗಳಿಗೆ ಪರೀಕ್ಷೆ ನಡೆಸುವ ಯು.ಪಿ.ಎಸ್.ಸಿ. ಮತ್ತು ರಾಜ್ಯದ ಹುದ್ದೆಗಳಿಗೆ ನಡೆಸುವ ಕೆ.ಪಿ.ಎಸ್.ಸಿ.ಗಳ ಲೆಕ್ಕ ಬೇರೆ. ಯು.ಪಿ.ಎಸ್.ಸಿ.ಯ ನಾಗರಿಕ ಸೇವಾ ಪರೀಕ್ಷೆಯಲ್ಲಿ ಪೂರ್ವಭಾವಿಯಿಂದ ಸಂದರ್ಶನದ ಫಲಿತಾಂಶದವರೆಗಿನ ಒಂದು ಸುತ್ತೇ ಹತ್ತಿರ ಹತ್ತಿರ ವರ್ಷ ತೆಗೆದುಕೊಳ್ಳುತ್ತದೆ, ಸಿದ್ಧತೆಯ ಕಾಲ ಅದಕ್ಕೂ ಮೊದಲಿನದು; ಆದ್ದರಿಂದ ಅದಕ್ಕೆ ಒಂದು ವರ್ಷ ಬಿಡುವು ಸಾಕೆಂದು ಮನೆಯವರಿಗೆ ಹೇಳಿದರೆ ಅದು ನಿಜವನ್ನು ಹೇಳಿದಂತಾಗುವುದಿಲ್ಲ. ಮತ್ತೊಂದು ಕಡೆ, ಸಾಮಾನ್ಯ ವರ್ಗದವರಿಗೂ ಅಲ್ಲಿ 32ನೆಯ ವಯಸ್ಸಿನವರೆಗೆ ಆರು ಅವಕಾಶಗಳಿವೆ. 22ಕ್ಕೆ ಪದವಿ ಮುಗಿಸಿದವರು ಎರಡು ವರ್ಷ ದುಡಿದು, ಸ್ವಂತ ಹಣ ಕೂಡಿಟ್ಟು ಕುಳಿತರೂ ಕಾಲ ಮೀರುವುದಿಲ್ಲ. ಕೆ.ಎ.ಎಸ್. ಹುದ್ದೆಗಳಿಗಂತೂ ಪ್ರತಿ ವರ್ಷ ಅಧಿಸೂಚನೆ ಹೊರಡುವ ಖಾತರಿಯೇ ಇಲ್ಲ. 2020ರ ಅಧಿಸೂಚನೆಯ ನಂತರ 384 ಹುದ್ದೆಗಳ ಅಧಿಸೂಚನೆ ಬಂದದ್ದು 2024ರಲ್ಲಿ. ಆ ವರ್ಷ ಆಗಸ್ಟ್‌ನಲ್ಲಿ ನಡೆದ ಪೂರ್ವಭಾವಿ ಪರೀಕ್ಷೆಯನ್ನು ಕನ್ನಡ ಅನುವಾದದ ದೋಷಗಳಿಂದಾಗಿ ಡಿಸೆಂಬರ್‌ನಲ್ಲಿ ಮತ್ತೆ ನಡೆಸಬೇಕಾಯಿತು. ಹೊರಡದ ಅಧಿಸೂಚನೆಯನ್ನು ನಂಬಿ ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಕೋಚಿಂಗ್‌ಗೆಂದು ಕೊಠಡಿ ಹಿಡಿಯಬೇಡಿ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಇನ್ನು ಹಣದ ವಿಚಾರ. ಇದನ್ನು ಅಂದಾಜಿನಲ್ಲಿ ಬಿಡದೆ ಅಂಕಿಯಲ್ಲಿ ಬರೆಯಬೇಕು. ಆಫರ್ ಲೆಟರ್‌ನಲ್ಲಿ ವರ್ಷಕ್ಕೆ 3.6 ಲಕ್ಷ ಎಂದಿದ್ದರೆ ತಿಂಗಳಿಗೆ 30,000 ಕೈಗೆ ಬರುತ್ತದೆಂದು ಮನೆಯಲ್ಲಿ ತಿಳಿಯುತ್ತಾರೆ. ಮೂಲ ವೇತನ 15,000 ಇದ್ದರೆ ಕಂಪನಿಯ ಪಾಲಿನ ಭವಿಷ್ಯ ನಿಧಿ 1,800, ದೀರ್ಘ ಸೇವೆಗೆ ಕೊನೆಯಲ್ಲಿ ಕೊಡುವ ಗ್ರಾಚ್ಯುಟಿಗೆಂದು ತೋರಿಸುವ ಸುಮಾರು 720, ನಿಮ್ಮ ಪಾಲಿನ ಭವಿಷ್ಯ ನಿಧಿ 1,800, ವೃತ್ತಿ ತೆರಿಗೆ 200 ಇವೆಲ್ಲ ಹೋಗಿ ಉಳಿಯುವುದು ಸುಮಾರು 25,500. ಕಾರ್ಯಕ್ಷಮತೆಯ ಮೇಲೆ ಕೊಡುವ ಮೊತ್ತವನ್ನೂ ಆ 3.6 ಲಕ್ಷದೊಳಗೇ ಸೇರಿಸಿದ್ದರೆ ಇನ್ನೂ ಕಡಿಮೆ. ಪಿ.ಜಿ. ವಸತಿ, ಊಟ, ಓಡಾಟಕ್ಕೆ ಎಷ್ಟಾಗುತ್ತದೆಂಬುದನ್ನು ಈಗಾಗಲೇ ಬೆಂಗಳೂರಿನಲ್ಲಿರುವ ನಿಮ್ಮ ಸೀನಿಯರ್‌ಗಳಲ್ಲಿ ಇಬ್ಬರನ್ನಾದರೂ ಕೇಳಿ ಕಳೆಯಿರಿ.

ಇದರ ಎದುರಿಗೆ ಬಿಡುವಿನ ಖರ್ಚನ್ನು ಬರೆಯಿರಿ. ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದ ನಂತರ ಆರಂಭವಾಗುತ್ತದೆ. ನಿಮ್ಮ ಬ್ಯಾಂಕಿನ ಮಂಜೂರಾತಿ ಪತ್ರದಲ್ಲಿ ಅದು ಏನಿದೆ ಎಂದು ನೋಡಿ, ಏಕೆಂದರೆ ಕಂತಿಗೆ ಬಿಡುವಿದ್ದರೂ ಬಡ್ಡಿಗೆ ಬಿಡುವಿರುವುದಿಲ್ಲ. 4 ಲಕ್ಷ ಸಾಲಕ್ಕೆ ಶೇ. 10ರ ದರದಲ್ಲಿ ಒಂದು ವರ್ಷಕ್ಕೆ 40,000 ಬಡ್ಡಿ ಬೆಳೆಯುತ್ತದೆ. ಏಳು ವರ್ಷದ ಅವಧಿಯಾದರೆ ತಿಂಗಳ ಕಂತು ಸುಮಾರು 6,640. ರೈತರ ಮನೆಯಾದರೆ ಇನ್ನೊಂದು ಮಾತಿದೆ: ಮೆಕ್ಕೆಜೋಳವೋ ಭತ್ತವೋ ಮಾರಿದ ಹಣ ಹಂಗಾಮಿಗೊಮ್ಮೆ ಬರುತ್ತದೆ, ಕೋಚಿಂಗ್ ಶುಲ್ಕ ಮತ್ತು ಕೊಠಡಿ ಬಾಡಿಗೆಗಳು ಅದಕ್ಕೆ ಕಾಯುವುದಿಲ್ಲ. ಬೆಳೆ ಕೈಕೊಟ್ಟರೆ ಯಾವ ತಿಂಗಳಲ್ಲಿ ಓದು ನಿಲ್ಲಿಸಬೇಕಾಗುತ್ತದೆ ಎಂಬುದನ್ನು ಅಪ್ಪನೊಂದಿಗೆ ಮೊದಲೇ ಮಾತನಾಡಿ. ಸಾಲವಿದ್ದು, ಪರೀಕ್ಷೆಯ ದಿನ ಸ್ಪಷ್ಟವಿಲ್ಲದವರು ಕೆಲಸಕ್ಕೆ ಸೇರುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ರಾಜ್ಯದ ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಗರಿಷ್ಠ ಎರಡು ವರ್ಷ ಸಿಗುತ್ತದೆ. ಆದರೆ ತೇರ್ಗಡೆಯಾಗಿ 180 ದಿನ ಕೆಲಸವಿಲ್ಲದಿದ್ದ ಮೇಲೆ ಮಾತ್ರ ಅದಕ್ಕೆ ಅರ್ಹತೆ ಬರುವುದರಿಂದ ಮೊದಲ ಆರು ತಿಂಗಳ ಲೆಕ್ಕದಲ್ಲಿ ಅದನ್ನು ಸೇರಿಸಬೇಡಿ.

ನಾನು ಕಂಡಂತೆ ಬಿಡುವಿನ ವರ್ಷ ಕೆಡುವುದು ಹೆಚ್ಚಾಗಿ ಮನೆಯಲ್ಲಿ. ಭದ್ರಾ ನಾಲೆಯ ಕೊನೆಯ ಭಾಗದ ಹಳ್ಳಿಯ ಹುಡುಗನೊಬ್ಬ ಗೇಟ್‌ಗೆಂದು ಕೆಲಸ ಬಿಟ್ಟು ಮನೆಯಲ್ಲಿ ಕುಳಿತ. ಅವನು ಸೋಮಾರಿಯಲ್ಲ, ಮನೆಯವರು ಕೆಟ್ಟವರಲ್ಲ. ಆದರೆ ನಾಲೆಗೆ ನೀರು ಬಿಟ್ಟ ದಿನಗಳಲ್ಲಿ ರಾತ್ರಿ ಗದ್ದೆಗೆ ನೀರು ಕಟ್ಟಲು ಹೋಗುವವನು ಅವನೇ, ಅಜ್ಜಿಯನ್ನು ಆಸ್ಪತ್ರೆಗೆ ಕರೆತರುವವನೂ ಅವನೇ, ನೆಂಟರ ಮದುವೆಗೆ ಮೂರು ದಿನ ಮೊದಲೇ ಹೋಗುವವನೂ ಅವನೇ. ಹೇಗೂ ಮನೆಯಲ್ಲೇ ಇದ್ದಾನಲ್ಲ ಎಂಬುದೊಂದೇ ಅದಕ್ಕೆ ಕಾರಣ. ನವೆಂಬರ್‌ನಲ್ಲಿ ಅವನು ನನ್ನನ್ನು ಕಂಡಾಗ ಪಠ್ಯದ ಕಾಲು ಭಾಗವೂ ಆಗಿರಲಿಲ್ಲ. ಆಮೇಲೆ ದಾವಣಗೆರೆಯ ವಿದ್ಯಾನಗರದಲ್ಲಿ ಗೆಳೆಯರ ಜೊತೆ ಕೊಠಡಿ ಮಾಡಿ, ವಾರಕ್ಕೊಮ್ಮೆ ಮಾತ್ರ ಊರಿಗೆ ಹೋಗತೊಡಗಿದ. ಆದರೆ ಕಳೆದ ತಿಂಗಳುಗಳು ಮರಳಲಿಲ್ಲ. ಬಿಡುವು ಪಡೆಯುವವರು ಓದುವ ಜಾಗವನ್ನು ಮನೆಯ ಹೊರಗೆ ಮೊದಲ ದಿನವೇ ಗೊತ್ತುಮಾಡಿಕೊಳ್ಳಬೇಕು. ಗ್ರಂಥಾಲಯವಾದರೂ ಸರಿ, ಬೆಳಿಗ್ಗೆ ಕೆಲಸಕ್ಕೆ ಹೊರಟಂತೆ ಹೊರಟು ಸಂಜೆ ಮರಳಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಇದಕ್ಕಿಂತ ಕಠಿಣವಾದ ಸಂಗತಿಯೊಂದಿದೆ. ಕೆಲಸಕ್ಕೆ ಹೋಗದೆ ಮಗಳು ಮನೆಯಲ್ಲಿದ್ದಾಳೆಂದರೆ ದಸರೆಯ ಹೊತ್ತಿಗೆ ಗಂಡು ನೋಡುವ ಮಾತು ಆರಂಭವಾಗುತ್ತದೆ. ಚೆನ್ನಾಗಿ ಓದುತ್ತಿದ್ದ ವಿದ್ಯಾರ್ಥಿನಿಯರು ಹೀಗೆ ಅರ್ಧದಲ್ಲೇ ನಿಂತುಹೋದದ್ದನ್ನು ಕಂಡು ನಾನು ತುಂಬ ನೊಂದಿದ್ದೇನೆ. ಆದ್ದರಿಂದ ಅವರಿಗೆ ನಾನು ಹೇಳುವುದು: ಆಫರ್ ಬಿಡುವ ಮೊದಲು ಅಪ್ಪ ಅಮ್ಮನ ಜೊತೆಗೆ, ಮನೆಯಲ್ಲಿ ಮಾತು ನಡೆಯುವ ದೊಡ್ಡಪ್ಪನನ್ನೋ ಸೋದರಮಾವನನ್ನೋ ಕೂರಿಸಿಕೊಂಡು, ಇಂಥ ತಿಂಗಳ ಫಲಿತಾಂಶದವರೆಗೆ ಮದುವೆಯ ಪ್ರಸ್ತಾಪ ಬೇಡ ಎಂಬ ಮಾತನ್ನು ಎಲ್ಲರ ಎದುರಿಗೆ ಪಡೆಯಿರಿ. ಆ ಮಾತು ಸಿಗದಿದ್ದರೆ ಸಂಬಳ ಕಡಿಮೆಯಾದರೂ ಕೆಲಸಕ್ಕೆ ಸೇರಿ, ಅಲ್ಲಿಂದಲೇ ಓದಿ.

ಎರಡರ ನಡುವಿನ ದಾರಿಗಳೂ ಇವೆ. ಸೇರುವ ದಿನವನ್ನು ಕೆಲವು ತಿಂಗಳು ಮುಂದೂಡಲು ಸಾಧ್ಯವೇ ಎಂದು ಕಂಪನಿಗೆ ಇಮೇಲ್ ಬರೆದು ಕೇಳಬಹುದು. ಒಪ್ಪುವವರು ಕಡಿಮೆ, ಆದರೆ ಸೌಜನ್ಯದಿಂದ ಕೇಳಿದ್ದಕ್ಕೆ ಯಾರೂ ಆಫರ್ ಹಿಂಪಡೆದದ್ದನ್ನು ನಾನು ನೋಡಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಪದವೀಧರರು ಸಾಮಾನ್ಯವಾಗಿ ಒಂದು ವರ್ಷದ ತರಬೇತಿಗೆ ಸೇರಬಹುದು. 2019ರ ತಿದ್ದುಪಡಿಯಲ್ಲಿ ಅವರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ನಿಗದಿಯಾಯಿತು. ಯಾವ ಕ್ಷೇತ್ರ ತನಗೆ ಒಗ್ಗುತ್ತದೆಂದು ತಿಳಿಯದವರಿಗೆ ಇದು ಖಾಲಿ ವರ್ಷಕ್ಕಿಂತ ಎಷ್ಟೋ ಮೇಲು.

ಕೆಲಸಕ್ಕೆ ಸೇರಿ ಮುಂದಿನ ವರ್ಷ ಬಿಟ್ಟರಾಯಿತು ಎಂದುಕೊಳ್ಳುವವರು ಮೊದಲು ಬಾಂಡ್, ಅಂದರೆ ಇಷ್ಟು ಕಾಲ ಕೆಲಸ ಬಿಡುವುದಿಲ್ಲವೆಂದು ಬರೆದುಕೊಡುವ ಒಪ್ಪಂದವನ್ನು ಓದಬೇಕು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಮೂರು ವರ್ಷ ತುಂಬುವ ಮೊದಲೇ ಬಿಟ್ಟುಹೋದ ಅಧಿಕಾರಿಯಿಂದ 2 ಲಕ್ಷ ರೂಪಾಯಿ ಪಡೆಯುವ ಸಾರ್ವಜನಿಕ ವಲಯದ ಬ್ಯಾಂಕೊಂದರ ಷರತ್ತನ್ನು ಎತ್ತಿಹಿಡಿಯಿತು. ಸಹಿ ಮಾಡಿದ ಕಾಗದಕ್ಕೆ ಬೆಲೆಯಿಲ್ಲವೆಂಬ ಗೆಳೆಯರ ಧೈರ್ಯವನ್ನು ನಂಬಬೇಡಿ. ಅಂಕಪಟ್ಟಿಗಳ ಮೂಲ ಪ್ರತಿಯನ್ನು ಯಾರ ಬಳಿಯೂ ಬಿಡಬೇಡಿ. ಕೆಲಸಕ್ಕೆಂದು ಠೇವಣಿ ಕೇಳುವವರ ಹತ್ತಿರ ಹೋಗಲೇಬೇಡಿ.

ಇಷ್ಟೆಲ್ಲ ತೂಗಿದ ಮೇಲೂ ಬಿಡುವೇ ಸರಿಯೆಂದು ಕಂಡರೆ ಅದಕ್ಕೊಂದು ಕೊನೆಯ ದಿನವನ್ನು ಗೊತ್ತುಮಾಡಿ, ಮನೆಯವರಿಗೂ ಹೇಳಿ. ಅನೇಕ ಕಂಪನಿಗಳು ಹೊಸಬರನ್ನು ಆರಿಸುವಾಗ ಆ ವರ್ಷ ಅಥವಾ ಅದರ ಹಿಂದಿನ ಒಂದೆರಡು ವರ್ಷಗಳಲ್ಲಿ ತೇರ್ಗಡೆಯಾದವರನ್ನು ಮಾತ್ರ ಕರೆಯುತ್ತವೆ. ಒಂದು ವರ್ಷದ ಅಂತರವನ್ನು ಸಂದರ್ಶನದಲ್ಲಿ ವಿವರಿಸಬಹುದು, ಮೂರು ವರ್ಷದ ಅಂತರವನ್ನು ವಿವರಿಸುವ ಅವಕಾಶವೇ ಸಿಗುವುದಿಲ್ಲ. ವಿವರಿಸಲು ಅನುಕೂಲವಾಗುವಂತೆ ಪ್ರವೇಶಪತ್ರ, ಅಂಕ, ಮುಗಿಸಿದ ಕೋರ್ಸ್, ಮಾಡಿದ ಸಣ್ಣ ಯೋಜನೆ ಇವೆಲ್ಲವನ್ನೂ ಒಂದು ಕಡೆ ಜೋಡಿಸಿಡಿ.

ಆಫರ್ ನಿರಾಕರಿಸುವ ಪತ್ರವನ್ನು ಕೊಟ್ಟ ಗಡುವಿಗೆ ಮೊದಲೇ ಕಳುಹಿಸಿ. ಆಯ್ಕೆ ಮಾಡಿದ್ದಕ್ಕೆ ಕೃತಜ್ಞತೆ, ಸೇರಲಾಗದ ಕಾರಣ ಒಂದು ಸಾಲಿನಲ್ಲಿ, ಅಷ್ಟು ಸಾಕು. ಅದರ ಪ್ರತಿಯನ್ನು ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗಕ್ಕೂ ಕೊಡಿ. ಏನೂ ತಿಳಿಸದೆ ಸೇರದೇ ಉಳಿದವರಿಂದಾಗಿ ಕಂಪನಿಯೊಂದು ಮರುವರ್ಷ ನಮ್ಮ ಕಾಲೇಜಿಗೆ ಬರಲಿಲ್ಲ. ಆಗ ನಿಮ್ಮ ಜೂನಿಯರ್‌ಗಳಿಗೆ ಈ ಎರಡರಲ್ಲಿ ಯಾವುದು ಎಂದು ಯೋಚಿಸುವ ಸಂದರ್ಭವೇ ಒದಗಲಿಲ್ಲ.