ನೇರಳೆ ಹೂವು ಕಂಡರೆ ಮುಳ್ಳು ಹುಡುಕಿ

ಅಮೆರಿಕದ ಪಶ್ಚಿಮ ಟೆಕ್ಸಾಸ್‌ನ ಹುಲ್ಲುಬಯಲಲ್ಲಿ, ರಸ್ತೆ ಪಕ್ಕದ ಒಣ ಮಣ್ಣಿನಲ್ಲಿ ನೆಲಕ್ಕಂಟಿದ ನೇರಳೆ ಹೂವು ಕಣ್ಣಿಗೆ ಬೀಳುತ್ತದೆ. ನಮ್ಮವರು ನೋಡಿದರೆ ‘ಬದನೆ ಹೂವಿನ ಥರ ಇದೆ, ಅಲ್ವಾ?’ ಎನ್ನುತ್ತಾರೆ. ಊಹೆ ಸರಿಯೇ. ಬದನೆ, ಟೊಮೆಟೊ ಕುಟುಂಬದ್ದೇ ಈ ಗಿಡ. ಹೆಸರು ಪರ್ಪಲ್ ಗ್ರೌಂಡ್ ಚೆರಿ, ಸಸ್ಯಶಾಸ್ತ್ರದಲ್ಲಿ ಕ್ವಿಂಕುಲ ಲೋಬಾಟ. ತೊಡಕೇನೆಂದರೆ, ಅದೇ ಬಯಲಲ್ಲಿ ಅದೇ ಬಣ್ಣದ ಹೂ ಬಿಡುವ ವಿಷದ ನೆಂಟನೂ ಇದ್ದಾನೆ: ಸಿಲ್ವರ್‌ಲೀಫ್ ನೈಟ್‌ಶೇಡ್.

ಮೊದಲು ಎತ್ತರ ನೋಡಿ. ನಮ್ಮ ಗಿಡ, ಅಂದರೆ ಗ್ರೌಂಡ್ ಚೆರಿ, ಸಾಮಾನ್ಯವಾಗಿ ಒಂದು ಗೇಣು ದಾಟುವುದಿಲ್ಲ, ಅಗಲಕ್ಕೆ ಹರಡುತ್ತದೆ. ನೈಟ್‌ಶೇಡ್ ನೆಟ್ಟಗೆ ನಿಲ್ಲುತ್ತದೆ, ಮೊಣಕಾಲೆತ್ತರಕ್ಕೂ ಬರುತ್ತದೆ. ಆದರೆ ಎಳೆಯ ಗಿಡವಾದರೆ ಎತ್ತರ ನಂಬಬೇಡಿ.

ಆಮೇಲೆ ಕಾಂಡವನ್ನು ಹುಷಾರಾಗಿ ನೋಡಿ. ನೈಟ್‌ಶೇಡ್‌ಗೆ ಸಾಮಾನ್ಯವಾಗಿ ಸಣ್ಣ ಮುಳ್ಳಿರುತ್ತವೆ, ಎಲೆ ಬೆಳ್ಳಿ ಬಣ್ಣದ್ದು. ನಮ್ಮದಕ್ಕೆ ಮುಳ್ಳೇ ಇಲ್ಲ. ಎಲೆಯಂಚು ಅಂಕುಡೊಂಕು. ಭೂತಗನ್ನಡಿ ಹಿಡಿದರೆ ಎಲೆಯ ಮೇಲೆ ಉಪ್ಪು ಉದುರಿಸಿದಂಥ ಬಿಳಿ ಹರಳು ಕಾಣುತ್ತವೆ.

ಹೂವಿನ ಹತ್ತಿರ ಬಂದಾಗ ಅವಸರ ಬೇಡ, ಗುಟ್ಟು ಇರುವುದು ಇಲ್ಲೇ. ನೈಟ್‌ಶೇಡ್ ಹೂವು ಚೂಪು ತುದಿಯ ನಕ್ಷತ್ರ. ನಡುವೆ ಉದ್ದನೆಯ ಹಳದಿ ಕೇಸರಗಳು ಎದ್ದು ನಿಲ್ಲುತ್ತವೆ. ಗ್ರೌಂಡ್ ಚೆರಿಯದು ಸುಮಾರು ಎರಡು ಸೆಂಟಿಮೀಟರ್ ಅಗಲದ ಚಪ್ಪಟೆ ತಟ್ಟೆ. ಎಸಳು ಬಿಡಿಬಿಡಿಯಾಗಿಲ್ಲ. ನಡುವೆ ಗಾಢ ನೇರಳೆಯ ಐದು ಕಿರಣದ ನಕ್ಷತ್ರ, ಅದರ ಬುಡದಲ್ಲಿ ಹತ್ತಿ ಉಂಡೆಯಂಥ ಬಿಳಿ ರೋಮ. ಆ ಬಿಳಿ ಕಂಡರೆ ನನಗಂತೂ ಅರ್ಧ ಅನುಮಾನ ಹೋಗುತ್ತದೆ.

ಉಳಿದರ್ಧಕ್ಕೆ ಕಾಯಿ ಹುಡುಕಿ. ನೈಟ್‌ಶೇಡ್‌ನದು ಹೊದಿಕೆಯಿಲ್ಲದ ಹಳದಿ ಗೋಲಿ. ನಮ್ಮದು ಕಾಗದದ ಬುಟ್ಟಿಯಂತೆ ಉಬ್ಬಿದ, ಐದು ಮೂಲೆಯ ಹೊದಿಕೆಯೊಳಗೆ ಕುಳಿತಿರುತ್ತದೆ. ರಸಭರಿ (ಕೇಪ್ ಗೂಸ್‌ಬೆರಿ) ಸಿಪ್ಪೆ ಬಿಡಿಸಿದವರಿಗೆ ಬೇಗ ಗೊತ್ತಾಗುತ್ತದೆ. ಆ ಗಿಡವೂ ಇದರ ಸಂಬಂಧಿ.

ಫೋಟೊ ತೆಗೆಯುವಾಗ ಬರೀ ಹೂವು ಸಾಲದು. ಎಲೆ, ಕಾಂಡ, ಕಾಯಿಯ ಹೊದಿಕೆ ಎಲ್ಲವೂ ಬೇಕು, ಪಕ್ಕದಲ್ಲೊಂದು ನಾಣ್ಯ ಇಟ್ಟರೆ ಅಳತೆಯೂ ಸಿಗುತ್ತದೆ. ಸುಮ್ನೆ ಕುತೂಹಲಕ್ಕೆಂದು ಕಾಯಿ ಬಾಯಿಗೆ ಹಾಕಬೇಡಿ. ಈ ಕುಟುಂಬದಲ್ಲಿ ಹಸಿರು ಕಾಯಿಗಳು ಹೊಟ್ಟೆ ಕೆಡಿಸುವುದೇ ಜಾಸ್ತಿ.