ಎಂ.ಟೆಕ್ ಕಂಪ್ಯೂಟರ್ ಸೈನ್ಸ್: ಹೆಸರು ನೋಡಿ ಸೀಟು ಹಿಡಿಯಬೇಡಿ

ಮಾರ್ಚ್‌ನಲ್ಲಿ ಎಂ.ಟೆಕ್ ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯ ಫಲಿತಾಂಶ ಬಂದರೆ ಸಾಕು, ಸುರತ್ಕಲ್‌ನಿಂದ ಮಣಿಪಾಲದವರೆಗೆ ಹುಡುಗರ ಬಾಯಲ್ಲಿ ಒಂದೇ ಪ್ರಶ್ನೆ: "ಎಐ ಸಿಗ್ತದಾ? ಡೇಟಾ ಸೈನ್ಸ್ ಸಿಗ್ತದಾ?" ಆ ಕೋರ್ಸಿನೊಳಗೆ ಏನುಂಟು ಎಂದು ಕೇಳುವವರು ಕಡಿಮೆ. ಸೇರಿ ತಿಂಗಳು ಕಳೆಯುವುದರೊಳಗೆ "ಇದೆಂತದು ಮಾರಾಯ್ರೆ, ಬರೀ ಗಣಿತವೇ ಉಂಟಲ್ಲ" ಎಂಬ ಗೋಳು ಶುರುವಾಗುತ್ತದೆ. ಅದನ್ನು ಕೇಳಿ ಕೇಳಿ ಸಾಕಾಗಿಯೇ ಈ ಲೇಖನ.

ಹಂತ 1: ಪರೀಕ್ಷೆ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೇಟ್‌ನ ಸಿಎಸ್ (ಕಂಪ್ಯೂಟರ್ ಸೈನ್ಸ್) ಪತ್ರಿಕೆಯಲ್ಲಿ 65 ಪ್ರಶ್ನೆ, 100 ಅಂಕ, ಸಮಯ 3 ಗಂಟೆ. ಇಂಜಿನಿಯರಿಂಗ್ ಮೂರನೇ ವರ್ಷದಲ್ಲೇ ಬರೆಯಬಹುದು, ಸ್ಕೋರ್ 3 ವರ್ಷ ಚಾಲ್ತಿಯಲ್ಲಿರುತ್ತದೆ. ಡೇಟಾ ಸೈನ್ಸ್ ಮತ್ತು ಎಐಗೆ 2024ರಿಂದ ಡಿಎ ಎಂಬ ಬೇರೆ ಪತ್ರಿಕೆಯೇ ಬಂದಿದೆ. ಹಳೆಯ ಪ್ರಶ್ನೆಪತ್ರಿಕೆಗಳು ಗೇಟ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಅವನ್ನು ಮುಗಿಸದೆ ದುಡ್ಡು ಕೊಟ್ಟು ಟೆಸ್ಟ್ ಸೀರೀಸ್ ಕೊಳ್ಳಬೇಡಿ. ಅಗ್ಗದ ಕೆಲವು ಸೀರೀಸ್‌ಗಳಲ್ಲಿ ಕೀ ಉತ್ತರವೇ ತಪ್ಪಿರುತ್ತದೆ, ಸರಿ ಬರೆದವನೂ ತನ್ನನ್ನೇ ಅನುಮಾನಿಸಬೇಕಾಗುತ್ತದೆ.

ಹಂತ 2: ಪಠ್ಯಕ್ರಮ ಓದುವುದು

ಹೆಚ್ಚಿನವರು ಎಡವುವುದು ಇಲ್ಲಿಯೇ, ಹಾಗಾಗಿ ನಿಧಾನಕ್ಕೆ ಓದಿ.

ಹಳಬರು ಇವತ್ತಿಗೂ ಕೆಆರ್‌ಇಸಿ ಎನ್ನುವ ಸುರತ್ಕಲ್‌ನ ಎನ್‌ಐಟಿಕೆಯನ್ನೇ ನೋಡಿ. ಒಂದೇ ಆವರಣದಲ್ಲಿ ಕಂಪ್ಯೂಟರ್ ಸೈನ್ಸ್ (ಸಿಎಸ್‌ಇ) ವಿಭಾಗದ್ದೊಂದು, ಇನ್ಫರ್ಮೇಶನ್ ಟೆಕ್ನಾಲಜಿಯದ್ದೊಂದು, ಗಣಿತ ವಿಭಾಗದ ಕಂಪ್ಯುಟೇಶನಲ್ ಆಂಡ್ ಡೇಟಾ ಸೈನ್ಸ್ ಇನ್ನೊಂದು ಎಂ.ಟೆಕ್. ಮೂರರಲ್ಲೂ ಮಷೀನ್ ಲರ್ನಿಂಗ್, ಅಂದರೆ ಡೇಟಾ ನೋಡಿ ಕಂಪ್ಯೂಟರೇ ಕಲಿಯುವಂತೆ ಮಾಡುವ ವಿದ್ಯೆ, ಕಲಿಯಬಹುದು, ಆದರೆ ಸುತ್ತ ಏನು ಕಲಿಯುತ್ತೀರಿ ಎಂಬುದು ಬೇರೆ ಬೇರೆ. ಆದ್ದರಿಂದ ವಿಭಾಗದ ಪುಟದಿಂದ ಪಠ್ಯಕ್ರಮದ ಪಿಡಿಎಫ್ ಇಳಿಸಿ, ಕಡ್ಡಾಯ ವಿಷಯಗಳನ್ನು ಮೊದಲು ನೋಡಿ. ಎಲೆಕ್ಟಿವ್ (ಐಚ್ಛಿಕ ವಿಷಯ) ಪಟ್ಟಿ ಎಷ್ಟೇ ಉದ್ದ ಇದ್ದರೂ ಮರುಳಾಗಬೇಡಿ. ಪಟ್ಟಿಯಲ್ಲಿ ಇರುವುದೆಲ್ಲ ಪ್ರತಿ ವರ್ಷ ನಡೆಯುವುದಿಲ್ಲ. ಕಳೆದ ವರ್ಷ ಯಾವ್ಯಾವುದು ನಡೆಯಿತು ಎಂದು ಸೀನಿಯರ್‌ಗಳನ್ನು ಕೇಳಿ.

ವಿಷಯದ ಪಕ್ಕದಲ್ಲಿ 3-0-2 ಎಂಬಂಥ ಅಂಕಿ ಇರುತ್ತದೆ. ವಾರಕ್ಕೆ 3 ಗಂಟೆ ಪಾಠ, ಟ್ಯುಟೋರಿಯಲ್ ಇಲ್ಲ, 2 ಗಂಟೆ ಲ್ಯಾಬ್ ಎಂದು ಅರ್ಥ. ಸಾಮಾನ್ಯವಾಗಿ 2 ಗಂಟೆ ಲ್ಯಾಬ್‌ಗೆ 1 ಕ್ರೆಡಿಟ್, ಹಾಗಾಗಿ ಒಟ್ಟು 4. ಹಲವು ಕಂಪ್ಯೂಟರ್‌ಗಳಿಂದ ಒಟ್ಟಿಗೆ ಕೆಲಸ ಮಾಡಿಸುವ ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್‌ನಂಥ ವಿಷಯಕ್ಕೆ ಕೊನೆಯ ಅಂಕಿ ಸೊನ್ನೆ ಇದ್ದರೆ ನಾನಂತೂ ಎರಡು ಸಲ ಯೋಚಿಸುತ್ತೇನೆ. ಒಂದು ಮಷೀನ್ ಕೈಕೊಟ್ಟಾಗ ಉಳಿದವು ಹೇಗೆ ಒಮ್ಮತಕ್ಕೆ ಬರುತ್ತವೆ ಎಂಬುದನ್ನು ಕೋಡ್ ಬರೆದು, ಕೆಡಿಸಿ, ಸರಿಪಡಿಸಿಯೇ ಕಲಿಯಬೇಕು. ಬೋರ್ಡ್ ಮೇಲೆ ಬಾಣ ಎಳೆದರೆ ತಲೆಗೆ ಹತ್ತುವುದಿಲ್ಲ.

ಆಮೇಲೆ ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ. ಪೆನ್ನು, ಹಾಳೆ ಸಾಕು. ಮೊಬೈಲ್ ಬೇಡ, ಚಾಟ್‌ಬಾಟ್ ಅಂತೂ ಬೇಡವೇ ಬೇಡ.

ಮಷೀನ್ ಲರ್ನಿಂಗ್ ಬೇಕೋ? ಒಂದು ಕಾಯಿಲೆ 1000 ಮಂದಿಯಲ್ಲಿ ಒಬ್ಬರಿಗೆ ಇದೆ ಅಂದುಕೊಳ್ಳಿ. ರಕ್ತಪರೀಕ್ಷೆ ಕಾಯಿಲೆ ಇದ್ದವರಲ್ಲಿ ಶೇ 99 ಮಂದಿಯನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ಶೇ 1 ಮಂದಿಗೂ ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ. ನಿಮಗೆ ಪಾಸಿಟಿವ್ ಬಂದರೆ ನಿಜಕ್ಕೂ ಕಾಯಿಲೆ ಇರುವ ಸಾಧ್ಯತೆ ಎಷ್ಟು? ಶೇ 99 ಎಂದು ಬರೆದಿದ್ದರೆ ಪ್ರಾಬಬಿಲಿಟಿಗೆ ವಾಪಸ್ ಹೋಗಿ. ಉತ್ತರ ಸುಮಾರು ಶೇ 9.

ಇನ್ಫರ್ಮೇಶನ್ ಸೆಕ್ಯುರಿಟಿಯ ಆಸೆ ಇದ್ದವರು ಸಂದೇಶವನ್ನು ಗುಪ್ತವಾಗಿಸುವ ಆರ್‌ಎಸ್‌ಎ ವಿಧಾನವನ್ನು ಸಣ್ಣ ಸಂಖ್ಯೆಗಳಲ್ಲಿ ಮಾಡಿ ನೋಡಿ. 3 ಮತ್ತು 11 ಎಂಬ ಅವಿಭಾಜ್ಯಗಳು, ಗುಣಿಸಿದರೆ 33. ಸಾರ್ವಜನಿಕ ಕೀ 3, ಖಾಸಗಿ ಕೀ 7. ಸಂದೇಶ 4 ಆದರೆ ಅದರ ಘನ 64, ಅದನ್ನು 33ರಿಂದ ಭಾಗಿಸಿದರೆ ಶೇಷ 31, ಅದೇ ಗುಪ್ತ ರೂಪ. ಈಗ 31ರ 7ನೇ ಘಾತವನ್ನು 33ರಿಂದ ಭಾಗಿಸಿ ಶೇಷ 4 ಬರುವುದನ್ನು ಕ್ಯಾಲ್ಕುಲೇಟರ್ ಇಲ್ಲದೆ ತೋರಿಸಿ. 31 ಎಂದರೆ ಇಲ್ಲಿ ಮೈನಸ್ 2ಕ್ಕೆ ಸಮ ಎಂದು ಹೊಳೆದರೆ ಎರಡೇ ಸಾಲಿನ ಕೆಲಸ. ಹೊಳೆಯಲಿಲ್ಲವಾದರೆ ಗಾಬರಿ ಬೇಡ, ಐಐಟಿ, ಐಐಎಸ್‌ಸಿಯವರ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ನಂಬರ್ ಥಿಯರಿಯ ಪಾಠಗಳು ಉಚಿತ. ವಿಡಿಯೊ ನೋಡಿದರೆ ಸಾಲದು, ವಾರದ ಅಸೈನ್‌ಮೆಂಟ್ ಮಾಡಲೇಬೇಕು.

ಯಾವ ಕೋರ್ಸ್‌ಗೇ ಸೇರಿ, ಅಡ್ವಾನ್ಸ್ಡ್ ಆಲ್ಗಾರಿದಮ್ಸ್ ಬಿಡಬೇಡಿ. ಕಷ್ಟ ಎಂದು ತಪ್ಪಿಸಿಕೊಳ್ಳುವವರೇ ಜಾಸ್ತಿ. ಅದರಲ್ಲಿ ಬರುವ ನೆಟ್‌ವರ್ಕ್ ಫ್ಲೋ, ಅಪ್ರಾಕ್ಸಿಮೇಶನ್ ಕಲಿತರೆ, ಯಾರಿಂದಲೂ ಬೇಗ ಬಿಡಿಸಲಾಗದ ಸಮಸ್ಯೆ ಯಾವುದು, ನಮಗೆ ಬಿಡಿಸಲು ಬಾರದ್ದು ಯಾವುದು ಎಂಬ ವ್ಯತ್ಯಾಸ ತಿಳಿಯುತ್ತದೆ. ಹೊಸ ಹೆಸರಿನ ಎಲೆಕ್ಟಿವ್‌ಗಳನ್ನು ಆಮೇಲೆ ನೀವೇ ಓದಿಕೊಳ್ಳಬಹುದು.

ಹಂತ 3: ಅರ್ಜಿ ಮತ್ತು ಆಯ್ಕೆ ಪಟ್ಟಿ

ಎನ್‌ಐಟಿಗಳಿಗೆಲ್ಲ ಒಟ್ಟಾಗಿ ಸೀಟು ಹಂಚುವ ಸಿಸಿಎಂಟಿ ಕೌನ್ಸೆಲಿಂಗ್. ಐಐಟಿಗಳಿಗೆ ಒಂದೊಂದಕ್ಕೂ ಬೇರೆ ಅರ್ಜಿ, ಆಫರ್ ಬರುವುದು ಸಿಒಎಪಿ ಎಂಬ ಒಂದೇ ಪೋರ್ಟಲ್‌ನಲ್ಲಿ. ವಿಟಿಯು ಕಾಲೇಜುಗಳ ಸರ್ಕಾರಿ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಪಿಜಿಸಿಇಟಿ. ಮಣಿಪಾಲದ ಎಂಐಟಿಗೆ ಅವರದೇ ಪ್ರವೇಶ ಪ್ರಕ್ರಿಯೆ.

ಸಿಸಿಎಂಟಿಯಲ್ಲಿ ಲೆಕ್ಕಕ್ಕೆ ಬರುವುದು 1000ಕ್ಕೆ ಸಿಗುವ ಗೇಟ್ ಸ್ಕೋರ್. 100ಕ್ಕೆ ಬಂದ ಅಂಕವನ್ನು ಕಟ್‌ಆಫ್ ಪಕ್ಕ ಇಟ್ಟು ಸುಮ್ಮನೆ ಅಳಬೇಡಿ. ಆಯ್ಕೆಗಳನ್ನು ನಿಮಗೆ ಬೇಕಾದ ಕ್ರಮದಲ್ಲೇ ತುಂಬಿ. "ಮೊದಲನೆಯದು ಹೇಗೂ ಸಿಗುವುದಿಲ್ಲ" ಎಂದು ಸುಲಭದ್ದನ್ನು ಮೇಲೆ ಹಾಕಿದರೆ ಅದೇ ಸಿಗುತ್ತದೆ, ಕೆಳಗಿರುವುದನ್ನು ಯಂತ್ರ ನೋಡುವುದೇ ಇಲ್ಲ. ಸೀಟು ಬಂದ ಮೇಲೆ ಫ್ರೀಜ್ ಒತ್ತಿದರೆ ಅಲ್ಲಿಗೆ ಮುಗಿಯಿತು. ಫ್ಲೋಟ್ ಎಂದರೆ ಎಲ್ಲಿಯದಾದರೂ ಮೇಲಿನ ಆಯ್ಕೆ ಸಿಕ್ಕರೆ ಹೋಗುತ್ತೇನೆ ಎಂದು, ಸ್ಲೈಡ್ ಎಂದರೆ ಇದೇ ಸಂಸ್ಥೆಯೊಳಗೆ ಮಾತ್ರ. ಮೇಲಿನದು ಸಿಕ್ಕಿತೆಂದರೆ ಹಳೆಯ ಸೀಟು ಹೋಯಿತು, ಆಮೇಲೆ ಅಯ್ಯೋ ಅಂದರೆ ಬರುವುದಿಲ್ಲ. ಇದನ್ನೆಲ್ಲ ಸೈಬರ್ ಸೆಂಟರಿನವರ ಕೈಗೆ ಬಿಡದೆ ನೀವೇ ಕೂತು ಮಾಡಿ.

ಹಂತ 4: ದಾಖಲೆ, ಲ್ಯಾಪ್‌ಟಾಪ್

ಒಬಿಸಿ, ಇಡಬ್ಲ್ಯುಎಸ್‌ನವರು ಕೇಂದ್ರದ ನಮೂನೆಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ, ಸಿಇಟಿಗೆ ಕೊಟ್ಟದ್ದು ಐಐಟಿ, ಎನ್‌ಐಟಿಗಳಲ್ಲಿ ನಡೆಯುವುದಿಲ್ಲ. ಎಐ ಓದಲು ಗೇಮಿಂಗ್ ಲ್ಯಾಪ್‌ಟಾಪ್ ಬೇಕೇ ಬೇಕು ಎಂದು ಮಂಗಳೂರು ಹಂಪನಕಟ್ಟೆಯ ಅಂಗಡಿಯವರು ಹೇಳಿದರೆ ನಕ್ಕು ಬನ್ನಿ. ಕಲಿಯುವ ಮಟ್ಟದ ಕೆಲಸಕ್ಕೆ ಬ್ರೌಸರ್‌ನಲ್ಲೇ ಕೋಡ್ ಬರೆದು ಓಡಿಸುವ ಗೂಗಲ್ ಕೊಲ್ಯಾಬ್ ಬಿಟ್ಟಿಯಾಗಿ ಕೊಡುವ ಜಿಪಿಯು (ಎಐ ಲೆಕ್ಕಗಳನ್ನು ಬೇಗ ಮಾಡುವ ಚಿಪ್) ಸಾಕು. ಇರುವ ಲ್ಯಾಪ್‌ಟಾಪಿಗೆ 16 ಜಿಬಿ ರ್‍ಯಾಮ್ ಹಾಕಿಸಿ, ಲಿನಕ್ಸ್ ಇನ್‌ಸ್ಟಾಲ್ ಮಾಡಿಕೊಳ್ಳಿ.