ಐ5-14400 ಮತ್ತು ರೈಜೆನ್ 5 7600: ಕೊಳ್ಳುವ ಮುನ್ನ ತೂಗಿ ನೋಡುವುದು ಹೇಗೆ?

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಾಗಲಿ, ಚಿತ್ರದುರ್ಗದ ಬಿ.ಡಿ. ರಸ್ತೆಯಲ್ಲಾಗಲಿ ಕಂಪ್ಯೂಟರ್ ಜೋಡಿಸಿಕೊಡಲು ಕೊಟೇಷನ್ ಕೇಳಿದರೆ ಪ್ರೊಸೆಸರ್ ಬಗ್ಗೆ ಚೀಟಿಯಲ್ಲಿ ಹೆಚ್ಚಾಗಿ ಸಿಗುವುದು ಇಷ್ಟೇ: 'ಐ5, 14ನೇ ಜನರೇಷನ್, 16 ಜಿಬಿ, 512 ಎಸ್‌ಎಸ್‌ಡಿ'. ಇದರಿಂದ ಏನೂ ತಿಳಿಯುವುದಿಲ್ಲ. 14ನೇ ತಲೆಮಾರಿನ ಐ5 ಎಂಬ ಒಂದೇ ಹೆಸರಿನಡಿ 10 ಕೋರ್‌ನ (ಕೋರ್ ಎಂದರೆ ಚಿಪ್‌ನೊಳಗೆ ಲೆಕ್ಕ ಮಾಡುವ ಘಟಕ) 14400 ಇದೆ, 14 ಕೋರ್‌ನ 14500 ಇದೆ, 14600ಕೆ ಕೂಡ ಇದೆ. ಹೋಲಿಕೆ ಶುರುವಾಗಬೇಕಾದದ್ದು ಪೂರ್ತಿ ಮಾದರಿ ಸಂಖ್ಯೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳುವುದರಿಂದ. ಸಂಖ್ಯೆಯ ಕೊನೆಗೆ 'ಎಫ್' ಇದೆಯೋ ಇಲ್ಲವೋ ಅದೂ ಬರಬೇಕು. ಆ ಒಂದಕ್ಷರ ಕೆಲವರಿಗೆ ಎಷ್ಟು ದುಬಾರಿ ಎಂಬುದು ಮುಂದೆ ಬರುತ್ತದೆ.

ಮಧ್ಯಮ ಬಜೆಟ್‌ನಲ್ಲಿ ಮತ್ತೆ ಮತ್ತೆ ಎದುರುಬದುರಾಗುವ ಎರಡು ಚಿಪ್‌ಗಳನ್ನೇ ಇಟ್ಟುಕೊಂಡು ನೋಡೋಣ: ಇಂಟೆಲ್ ಕೋರ್ ಐ5-14400 ಮತ್ತು ಎಎಂಡಿ ರೈಜೆನ್ 5 7600. ಬೇರೆ ಜೋಡಿ ಸಿಕ್ಕರೂ ಲೆಕ್ಕ ಹಾಕುವ ದಾರಿ ಇದೇ.

ಹಂತ 1: ಪೆಟ್ಟಿಗೆ ಮೇಲಿನ ಅಂಕಿಗಳನ್ನು ಓದಿ

2024ರ ಜನವರಿಯಲ್ಲಿ ಬಂದ 14400ರಲ್ಲಿ 10 ಕೋರ್‌ಗಳಿವೆ. ಆದರೆ ಹತ್ತೂ ಒಂದೇ ಜಾತಿಯವಲ್ಲ. 6 ದೊಡ್ಡ ಕೋರ್, 4 ಸಣ್ಣ ಕೋರ್. ಒಟ್ಟು 16 ಥ್ರೆಡ್, ಅಂದರೆ ಒಂದೇ ಹೊತ್ತಿಗೆ ನಡೆಸಬಲ್ಲ ಕೆಲಸದ ಎಳೆಗಳು. ಗರಿಷ್ಠ ವೇಗ 4.7 ಗಿಗಾಹರ್ಟ್ಸ್, ಎಲ್3 ಕ್ಯಾಶ್ 20 ಎಂಬಿ. 2023ರ ಜನವರಿಯ 7600ರಲ್ಲಿ 6 ಕೋರ್, 12 ಥ್ರೆಡ್, ಆರೂ ದೊಡ್ಡವೇ. ಗರಿಷ್ಠ 5.1 ಗಿಗಾಹರ್ಟ್ಸ್, ಎಲ್3 ಕ್ಯಾಶ್ 32 ಎಂಬಿ.

ಹತ್ತು ಆರಕ್ಕಿಂತ ದೊಡ್ಡದು ಎಂದು ಇಲ್ಲೇ ತೀರ್ಪು ಕೊಡುವವರೇ ಹೆಚ್ಚು. ಗೇಮ್‌ಗಳಿಗೆ ಸಣ್ಣ ಕೋರ್‌ಗಳಿಂದ ಆಗುವ ಉಪಕಾರ ಕಡಿಮೆ. ಅಲ್ಲಿ ಕ್ಯಾಶ್ ಮಾತಾಡುತ್ತದೆ. ದೋಸೆ ಹಾಕುವವರ ಕೈಗೆಟುಕುವಲ್ಲೇ ಹಿಟ್ಟು, ಬೆಣ್ಣೆ ಎರಡೂ ಇದ್ದರೆ ಹೆಂಚು ಖಾಲಿ ಬೀಳುವುದಿಲ್ಲ. ಪ್ರತಿ ದೋಸೆಗೂ ಹಿಂದಿನ ಕೋಣೆಗೆ ಹೋಗಿ ಬರುವಂತಿದ್ದರೆ ಕೈ ಎಷ್ಟೇ ಚುರುಕಾಗಿದ್ದರೂ ಗಿರಾಕಿ ಕಾಯಬೇಕು. ಹಿಂದಿನ ಕೋಣೆ ಎಂದರೆ ರ‍್ಯಾಮ್, ಕೈಯಳತೆಯ ಜಾಗ ಎಂದರೆ ಕ್ಯಾಶ್.

ಗಿಗಾಹರ್ಟ್ಸ್ ಅನ್ನು ಎರಡು ಕಂಪನಿಗಳ ನಡುವೆ ಹೋಲಿಸಬೇಡಿ. ಒಂದು ಬಡಿತಕ್ಕೆ ಎಷ್ಟು ಕೆಲಸವಾಗುತ್ತದೆ ಎಂಬುದು ಚಿಪ್‌ನಿಂದ ಚಿಪ್‌ಗೆ ಬೇರೆ.

ಹಂತ 2: ನಿಮ್ಮ ಕೆಲಸ ಯಾವುದೆಂದು ಬರೆದುಕೊಳ್ಳಿ

'ಎಲ್ಲಕ್ಕೂ ಬೇಕು' ಎಂಬ ಉತ್ತರ ನಡೆಯದು. ದಿನದಲ್ಲಿ ಯಾವ ಸಾಫ್ಟ್‌ವೇರ್ ಎಷ್ಟು ಗಂಟೆ ಓಡುತ್ತದೆ ಎಂದು ಹಾಳೆಯಲ್ಲಿ ಬರೆಯಿರಿ.

ಟ್ಯಾಲಿ, ನುಡಿ, ಬ್ರೌಸರ್ ಇಷ್ಟೇ ಆದರೆ ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಬಹುದು. 4 ಕೋರ್‌ನ ಐ3 ಸಾಕು, ಉಳಿದ ದುಡ್ಡನ್ನು ಒಳ್ಳೆಯ ಎಸ್‌ಎಸ್‌ಡಿಗೂ ಯುಪಿಎಸ್‌ಗೂ ಹಾಕಿ. ಫ್ಲೆಕ್ಸ್, ಲಗ್ನಪತ್ರಿಕೆ ಮಾಡುವ ಕೋರೆಲ್‌ಡ್ರಾ ಕೆಲಸದಲ್ಲಿ ಒಂದೇ ಕೋರ್‌ನ ಚುರುಕು ಮತ್ತು ರ‍್ಯಾಮ್ ಮುಖ್ಯ, ಎರಡೂ ಚಿಪ್ ನಡೆಯುತ್ತವೆ. ವ್ಯತ್ಯಾಸ ನಿಜವಾಗಿ ಕಾಣುವುದು ಗೇಮಿಂಗ್‌ನಲ್ಲಿ ಮತ್ತು ವಿಡಿಯೊ ಎಡಿಟಿಂಗ್‌ನಲ್ಲಿ.

ಹಂತ 3: ಗೇಮ್‌ನಲ್ಲಿ ಅಳೆಯುವುದು

ಮೊದಲ ಪ್ರಶ್ನೆ: ನಿಮ್ಮ ಗೇಮ್‌ಗೆ ತಡೆ ಆಗುತ್ತಿರುವುದು ಪ್ರೊಸೆಸರ್ರೋ, ಗ್ರಾಫಿಕ್ಸ್ ಕಾರ್ಡೋ? ಈಗಿರುವ ಯಂತ್ರದಲ್ಲೇ ನೋಡಬಹುದು. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್ ಹಾಕಿ, ಪರದೆಯ ಮೂಲೆಯಲ್ಲಿ ಜಿಪಿಯು (ಗ್ರಾಫಿಕ್ಸ್ ಚಿಪ್) ಬಳಕೆ ಕಾಣುವಂತೆ ಮಾಡಿ. ಅದು ಶೇ 97–99ರಲ್ಲಿ ನಿಂತಿದ್ದರೆ ತಡೆ ಗ್ರಾಫಿಕ್ಸ್ ಕಾರ್ಡ್‌ನದು. ಪ್ರೊಸೆಸರ್ ಬದಲಿಸಿದರೂ ಫ್ರೇಮ್ (ಸೆಕೆಂಡಿಗೆ ಪರದೆ ಮೇಲೆ ಮೂಡುವ ಚಿತ್ರಗಳ ಸಂಖ್ಯೆ, ಎಫ್‌ಪಿಎಸ್) ಏರುವುದಿಲ್ಲ. ಫ್ರೇಮ್ ಲಿಮಿಟ್, ವಿ-ಸಿಂಕ್ ಎರಡೂ ಆಫ್ ಇದ್ದೂ ಅದು ಶೇ 60–70ರಲ್ಲಿ ಒದ್ದಾಡುತ್ತಿದ್ದರೆ ತಡೆ ಪ್ರೊಸೆಸರ್‌ನದು. ರೆಸಲ್ಯೂಷನ್ ಇಳಿಸಿದರೂ ಫ್ರೇಮ್ ಏರದಿದ್ದರೆ ಅನುಮಾನವೇ ಬೇಡ.

ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ 2 ಥರದವು ಪ್ರೊಸೆಸರ್‌ನ ಬೆವರಿಳಿಸುವ ಗೇಮ್‌ಗಳು. ಸೈಬರ್‌ಪಂಕ್ 2077ರಂಥದ್ದನ್ನು 1080ಪಿ ಅಲ್ಟ್ರಾದಲ್ಲಿ ಮಧ್ಯಮ ದರ್ಜೆಯ ಕಾರ್ಡ್ ಮೇಲೆ ಆಡಿದರೆ ಈ ಎರಡು ಚಿಪ್‌ಗಳ ಅಂತರ ಬಹುತೇಕ ಮರೆಯಾಗುತ್ತದೆ.

ಇನ್ನು ಅಂಕಿ. ಯೂಟ್ಯೂಬ್ ಹೋಲಿಕೆಗಳಲ್ಲಿ ಸರಾಸರಿ ಎಫ್‌ಪಿಎಸ್ ಒಂದನ್ನೇ ನೋಡಿ ಮೋಸಹೋಗುವುದು ಸುಲಭ. '1% ಲೋ' ಎಂಬ ಸಾಲನ್ನು ನೋಡಿ. ಅದು ಅತಿ ನಿಧಾನದ ಶೇ 1ರಷ್ಟು ಫ್ರೇಮ್‌ಗಳ ವೇಗ. 60 ಎಫ್‌ಪಿಎಸ್ ಎಂದರೆ ಪ್ರತಿ ಫ್ರೇಮ್‌ಗೆ 16.7 ಮಿಲಿಸೆಕೆಂಡ್, 144 ಎಂದರೆ 6.9. ಸರಾಸರಿ 140 ಇದ್ದು 1% ಲೋ 45 ಇದ್ದರೆ, ಆಗಾಗ ಒಂದೊಂದು ಫ್ರೇಮ್ 22 ಮಿಲಿಸೆಕೆಂಡ್ ತೆಗೆದುಕೊಂಡು ಎದುರಾಳಿ ಕಾಣಿಸಿಕೊಂಡ ಹೊತ್ತಿಗೇ ಆಟ ಎಡವುತ್ತದೆ. ಸರಾಸರಿ 120, ಲೋ 85 ಇರುವ ಯಂತ್ರ ಅದಕ್ಕಿಂತ ಎಷ್ಟೋ ಮೇಲು.

ನೀವೇ ಅಳೆಯುವುದಾದರೆ ಒಂದೇ ದೃಶ್ಯವನ್ನು 60 ಸೆಕೆಂಡಿನಂತೆ 4 ಸಲ ಓಡಿಸಿ, ಮೊದಲನೆಯದನ್ನು ಬಿಟ್ಟುಬಿಡಿ. ಆ ಓಟದಲ್ಲಿ ಶೇಡರ್‌ಗಳು (ಚಿತ್ರ ಮೂಡಿಸುವ ಸಣ್ಣ ಪ್ರೋಗ್ರಾಂಗಳು) ಸಿದ್ಧವಾಗುತ್ತಿರುತ್ತವೆ, ಅಂಕಿ ಕೆಳಗೆ ಬೀಳುತ್ತದೆ. ಎರಡೂ ಯಂತ್ರಗಳಲ್ಲಿ ಗ್ರಾಫಿಕ್ಸ್ ಕಾರ್ಡ್, ಡ್ರೈವರ್ ಆವೃತ್ತಿ ಒಂದೇ ಇರಲಿ. ರ‍್ಯಾಮ್ ಬೇರೆಯಾದರೆ ಅದನ್ನೂ ಅಂಕಿಯ ಪಕ್ಕ ಬರೆದಿಡಿ.

ಈ ಜೋಡಿಯಲ್ಲಿ ಗೇಮಿಂಗ್ ಗೆಲುವು 7600ರದ್ದೇ. ದೊಡ್ಡ ಕ್ಯಾಶ್ ಅದರ ಕಡೆಗಿದೆ. ಆದರೆ ಅದನ್ನು ಅನುಭವಿಸಲು ಚುರುಕಾದ ಕಾರ್ಡ್ ಮತ್ತು 144 ಹರ್ಟ್ಸ್ ಮಾನಿಟರ್ ಬೇಕು. 60 ಹರ್ಟ್ಸ್ ಪರದೆಯ ಮುಂದೆ ಕೂತವರಿಗೆ ಎರಡೂ ಒಂದೇ.

ಮೊಬೈಲ್ ಗೇಮ್‌ಗಳನ್ನು ಬ್ಲೂಸ್ಟ್ಯಾಕ್ಸ್‌ನಂಥ ಎಮ್ಯುಲೇಟರ್‌ನಲ್ಲಿ ಆಡುವವರು 'ಎಎಂಡಿಯಲ್ಲಿ ಸ್ಲೋ' ಎಂದು ದೂರುವುದುಂಟು. ಬಹಳ ಸಲ ಕಾರಣ ಇಷ್ಟೇ: ಬಯೋಸ್‌ನಲ್ಲಿ (ಯಂತ್ರ ಆನ್ ಆಗುವಾಗ ತೆರೆಯಬಹುದಾದ ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟ) 'ಎಸ್‌ವಿಎಂ ಮೋಡ್' ಆಫ್ ಇರುತ್ತದೆ. ಒಂದು ಯಂತ್ರದೊಳಗೆ ಇನ್ನೊಂದು ಯಂತ್ರವನ್ನು ಓಡಿಸಲು ನೆರವಾಗುವ ಸೌಲಭ್ಯ ಅದು. ಇಂಟೆಲ್ ಬೋರ್ಡ್‌ನಲ್ಲಿ ಅದೇ ಸೌಲಭ್ಯದ ಹೆಸರು 'ವರ್ಚುವಲೈಸೇಷನ್ ಟೆಕ್ನಾಲಜಿ'. ಆನ್ ಮಾಡಿ ನೋಡಿ, ಆಮೇಲೆ ಬೈಯಿರಿ.

ಹಂತ 4: ಮದುವೆ ವಿಡಿಯೊ ಮಾಡುವವರು ಇಲ್ಲಿ ನಿಧಾನಿಸಿ

ಸ್ಟುಡಿಯೊದವರ ಕಷ್ಟ ಎಕ್ಸ್‌ಪೋರ್ಟ್‌ಗಿಂತ ಮೊದಲೇ ಶುರುವಾಗುತ್ತದೆ. ಮುಹೂರ್ತದ ಕ್ಲಿಪ್ಪನ್ನು ಟೈಮ್‌ಲೈನ್‌ನಲ್ಲಿ ಎಳೆದರೆ ಚಿತ್ರ ಅಂಟಿಕೊಳ್ಳುತ್ತದೆ, ಓಲಗ ಮುಂದೆ ಹೋಗುತ್ತದೆ, ಧಾರೆ ಎರೆಯುವ ಕೈ ಅಲ್ಲೇ ನಿಂತಿರುತ್ತದೆ. ಇದಕ್ಕೆ ಕೋರ್‌ಗಳ ಸಂಖ್ಯೆಗಿಂತ ದೊಡ್ಡ ಕಾರಣ ಕ್ಯಾಮೆರಾದ ಫೈಲ್ ಬಗೆ.

ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ 4ಕೆ, 10-ಬಿಟ್, 4:2:2 ಎಂಬ ಆಯ್ಕೆ ಇರುತ್ತದೆ. 4:2:2 ಎಂದರೆ ಸಾಮಾನ್ಯ 4:2:0ಗಿಂತ ಬಣ್ಣದ ವಿವರ ಹೆಚ್ಚು ಉಳಿಸುವ ಬಗೆ. ಎಚ್.265 ಸಂಕೋಚನದ ಈ 4:2:2 ಫೈಲನ್ನು ಬಿಡಿಸುವ ಪ್ರತ್ಯೇಕ ಯಂತ್ರಾಂಗ 14400ರ ಒಳಗಿನ ಯುಎಚ್‌ಡಿ 730 ಗ್ರಾಫಿಕ್ಸ್‌ನಲ್ಲಿದೆ. ಅದರ ಹೆಸರು ಕ್ವಿಕ್ ಸಿಂಕ್. 7600ರಲ್ಲೂ ಸಣ್ಣ ಗ್ರಾಫಿಕ್ಸ್ ಇದೆ, ಆದರೆ ಅದಕ್ಕೆ 4:2:0 ಮಾತ್ರ ಬರುತ್ತದೆ, 4:2:2 ಬರುವುದಿಲ್ಲ. ಎನ್‌ವಿಡಿಯಾದ ಆರ್‌ಟಿಎಕ್ಸ್ 40 ಸರಣಿವರೆಗಿನ ಕಾರ್ಡ್‌ಗಳಿಗೂ ಬರುವುದಿಲ್ಲ. 50 ಸರಣಿಯಲ್ಲಷ್ಟೇ ಸೇರಿತು. ಅಂಗ ಇಲ್ಲದ ಕಡೆ ಎಲ್ಲ ಭಾರ ಪ್ರೊಸೆಸರ್‌ನ ಕೋರ್‌ಗಳ ಮೇಲೆ ಬೀಳುತ್ತದೆ.

ಈಗ 'ಎಫ್' ಅಕ್ಷರದ ಬೆಲೆ ನೋಡಿ. 14400ಎಫ್ ಎಂದರೆ ಒಳಗಿನ ಗ್ರಾಫಿಕ್ಸ್ ಮುಚ್ಚಿದ ಚಿಪ್. ಅದರ ಜೊತೆ ಕ್ವಿಕ್ ಸಿಂಕ್ ಕೂಡ ಹೋಯಿತು. ಸ್ವಲ್ಪ ದುಡ್ಡು ಉಳಿಸಲು ಹೋಗಿ ಸ್ಟುಡಿಯೊದವರು ತಮಗೆ ಬೇಕಾದ ಒಂದೇ ಒಂದು ಭಾಗವನ್ನು ಅಂಗಡಿಯಲ್ಲೇ ಬಿಟ್ಟು ಬಂದಂತೆ.

ಎಫ್ ಇಲ್ಲದ ಚಿಪ್ ತಂದರೂ ಕೆಲಸ ಮುಗಿಯಲಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದ ಕೂಡಲೇ ಎಷ್ಟೋ ಬೋರ್ಡ್‌ಗಳು ಒಳ ಗ್ರಾಫಿಕ್ಸನ್ನು ತಾವಾಗಿಯೇ ಆಫ್ ಮಾಡುತ್ತವೆ. ಬಯೋಸ್‌ಗೆ ಹೋಗಿ 'ಐಜಿಪಿಯು ಮಲ್ಟಿ-ಮಾನಿಟರ್' ಆನ್ ಮಾಡಿ, ವಿಂಡೋಸ್‌ನಲ್ಲಿ ಇಂಟೆಲ್ ಡ್ರೈವರ್ ಹಾಕಿ. ಪ್ರೀಮಿಯರ್ ಪ್ರೊದಲ್ಲಿ ಪ್ರಿಫರೆನ್ಸಸ್, ಮೀಡಿಯಾ ಎಂಬಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಟಿಕ್ ಮಾಡಿ ಇಂಟೆಲ್ ಆಯ್ದುಕೊಳ್ಳಿ. ಆಮೇಲೆ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಕ್ಲಿಪ್ ಓಡಿಸಿ: ಇಂಟೆಲ್ ಗ್ರಾಫಿಕ್ಸ್‌ನ 'ವಿಡಿಯೊ ಡಿಕೋಡ್' ಗೆರೆ ಮೇಲೇಳಬೇಕು. ಅದು ಸೊನ್ನೆಯಲ್ಲೇ ಇದ್ದು ಸಿಪಿಯು ಶೇ 100 ಮುಟ್ಟಿದರೆ ಎಲ್ಲೋ ಒಂದು ಸೆಟ್ಟಿಂಗ್ ತಪ್ಪಿದೆ, ಇಲ್ಲವೇ ಕ್ಯಾಮೆರಾ ಎಚ್.264ರಲ್ಲಿ 4:2:2 ಬರೆಯುತ್ತಿದೆ. ಆ ಬಗೆಯನ್ನು 14400 ಕೂಡ ಹಾರ್ಡ್‌ವೇರ್‌ನಲ್ಲಿ ಬಿಡಿಸಲಾರದು. ಕ್ಯಾಮೆರಾ ಮೆನುವಿನಲ್ಲಿ ಎಚ್.265ಕ್ಕೆ ಬದಲಿಸುವುದು, ಇಲ್ಲವೇ ಪ್ರಾಕ್ಸಿ (ಕ್ಲಿಪ್‌ನ ಹಗುರ ನಕಲು) ಮಾಡಿಕೊಂಡು ಎಡಿಟ್ ಮಾಡುವುದು ಉಳಿದ ದಾರಿ.

3ಡಿ ರೆಂಡರಿಂಗ್, ದೊಡ್ಡ ಪ್ರೋಗ್ರಾಂ ಕಂಪೈಲ್ ಮಾಡುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮಾತ್ರ ಕೋರ್ ಎಣಿಕೆ ಕೆಲಸಕ್ಕೆ ಬರುತ್ತದೆ. ಅಲ್ಲಿ 14400ರ ಸಣ್ಣ ಕೋರ್‌ಗಳು ದುಡಿದು ಅದನ್ನು ಸ್ವಲ್ಪ ಮುಂದಿಡುತ್ತವೆ. ಆದರೆ ಒಂದು ಷರತ್ತಿದೆ, ಅದು ಮುಂದಿನ ಹಂತದಲ್ಲಿ.

ಹಂತ 5: ವ್ಯಾಟ್, ಬಿಸಿ, ಧೂಳು

ಎರಡೂ ಪೆಟ್ಟಿಗೆಗಳ ಮೇಲೆ 65 ವ್ಯಾಟ್ ಎಂದಿರುತ್ತದೆ. ನಂಬಬೇಡಿ. 14400 ಪೂರ್ತಿ ಹೊರೆ ಬಿದ್ದಾಗ 148 ವ್ಯಾಟ್‌ವರೆಗೆ ಹೋಗಬಹುದು, 7600ರ ಮಿತಿ 88. ಅಗ್ಗದ ಎಚ್610 ಬೋರ್ಡ್‌ನಲ್ಲಿ ವಿದ್ಯುತ್ ಭಾಗಕ್ಕೆ ಹೀಟ್‌ಸಿಂಕ್ ಇಲ್ಲದಿದ್ದರೆ ಅದು ಕಾದು 14400ರ ವೇಗವನ್ನು ಕೆಳಗಿಳಿಸುತ್ತದೆ, ಸಣ್ಣ ಕೋರ್‌ಗಳು ತಂದುಕೊಟ್ಟ ಮುನ್ನಡೆ ಅಲ್ಲೇ ಕರಗುತ್ತದೆ. ಷರತ್ತು ಇದೇ: 14400 ಕೊಂಡರೆ ಹೀಟ್‌ಸಿಂಕ್ ಇರುವ ಬಿ760 ಬೋರ್ಡ್ ಕೊಳ್ಳಿ.

ಅಂಗಡಿಯಲ್ಲಿ ಪರೀಕ್ಷೆ ಮಾಡಿಸುವುದಾದರೆ ಸಿನೆಬೆಂಚ್ ಆರ್23 ಎಂಬ ಹೊರೆ ಪರೀಕ್ಷೆಯನ್ನು 10 ನಿಮಿಷ ಓಡಿಸಿ, ಪಕ್ಕದಲ್ಲಿ ವೇಗ, ಬಿಸಿ ತೋರಿಸುವ ಎಚ್‌ಡಬ್ಲ್ಯುಇನ್ಫೊ ತೆರೆದಿಡಿ. ಮೊದಲ ನಿಮಿಷದ ಗಿಗಾಹರ್ಟ್ಸ್, ಹತ್ತನೇ ನಿಮಿಷದ ಗಿಗಾಹರ್ಟ್ಸ್ ಎರಡನ್ನೂ ಬರೆದುಕೊಳ್ಳಿ. ಅಂತರ ದೊಡ್ಡದಿದ್ದರೆ ಕೂಲರ್ ಅಥವಾ ಬೋರ್ಡ್ ಸೋಲುತ್ತಿದೆ. ಕೋಣೆಯ ಬಿಸಿ 10 ಡಿಗ್ರಿ ಏರಿದರೆ ಚಿಪ್‌ನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಡಿಸೆಂಬರ್ ಬೆಳಿಗ್ಗೆ ತೆಗೆದ ಅಂಕಿಯನ್ನು ಏಪ್ರಿಲ್ ಮಧ್ಯಾಹ್ನದ ಅಂಕಿಯ ಪಕ್ಕ ಇಟ್ಟು ಹೋಲಿಸಬೇಡಿ. ಚಿಪ್‌ಗಳ ಸುರಕ್ಷಾ ಮಿತಿ 7600ಕ್ಕೆ 95 ಡಿಗ್ರಿ, 14400ಕ್ಕೆ 100.

ಮಂಡಕ್ಕಿ ಭಟ್ಟಿಗಳ ಆಸುಪಾಸಿನಲ್ಲಿ, ಮೆಕ್ಕೆಜೋಳ ಇಳಿಸುವ ಗೋದಾಮುಗಳ ಪಕ್ಕದಲ್ಲಿ, ದುರ್ಗದ ಗಾಳಿಗೆ ಎದುರಾದ ಮನೆಗಳಲ್ಲಿ ಕೂಲರ್‌ನ ರೆಕ್ಕೆಗಳ ನಡುವೆ ಕೆಲವೇ ತಿಂಗಳಲ್ಲಿ ಧೂಳಿನ ಕಂಬಳಿ ಹಾಸುತ್ತದೆ. ಕ್ಯಾಬಿನೆಟ್ ಮುಂಭಾಗಕ್ಕೆ ಬಿಚ್ಚಿ ತೊಳೆಯಬಹುದಾದ ಫಿಲ್ಟರ್ ಇರಲಿ.

ಬೆಸ್ಕಾಂ ಬಿಲ್ಲಿನ ಲೆಕ್ಕವನ್ನೂ ಮಾಡಿಬಿಡಿ: 60 ವ್ಯಾಟ್ ಅಂತರ, ದಿನಕ್ಕೆ 5 ಗಂಟೆ ಪೂರ್ಣ ಹೊರೆ, ವರ್ಷಕ್ಕೆ 300 ದಿನ ಎಂದರೆ 90 ಯೂನಿಟ್. ನಿಮ್ಮ ದರದಿಂದ ಗುಣಿಸಿ. ಇದು ರೆಂಡರಿಂಗ್ ಮಾಡುವವರ ಲೆಕ್ಕ. ಗೇಮ್ ಆಡುವವರಿಗೆ ಅಂತರ ಇದಕ್ಕಿಂತ ಬಹಳ ಕಡಿಮೆ.

ಹಂತ 6: ಬೆಲೆಯನ್ನು ಒಂಟಿಯಾಗಿ ನೋಡಬೇಡಿ

ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರನ್ನೂ ಒಂದೇ ದಿನ, ಒಂದೇ ಅಂಗಡಿಯಲ್ಲಿ ಕೇಳಿ ಕೂಡಿಸಿ. 7600ಕ್ಕೆ ಡಿಡಿಆರ್5 ರ‍್ಯಾಮ್ ಮಾತ್ರ ಆಗುತ್ತದೆ. 14400ಕ್ಕೆ ಬೋರ್ಡ್ ನೋಡಿಕೊಂಡು ಡಿಡಿಆರ್4 ಅಥವಾ ಡಿಡಿಆರ್5 ಹಾಕಬಹುದು. ಹಳೆಯ ಯಂತ್ರದಲ್ಲಿ ಡಿಡಿಆರ್4-3200ರ ಎರಡು ಕಡ್ಡಿಗಳಿದ್ದರೆ ಅಷ್ಟೂ ಉಳಿತಾಯ. ರ‍್ಯಾಮ್ ಬೆಲೆ ಏರಿದಾಗಲೆಲ್ಲ ಈ ಒಂದು ಅಂಶವೇ ತಕ್ಕಡಿಯನ್ನು ಇಂಟೆಲ್ ಕಡೆ ವಾಲಿಸುತ್ತದೆ.

ಶೇಕಡಾ ಲೆಕ್ಕವನ್ನು ಇಡೀ ಯಂತ್ರದ ಮೇಲೆ ಹಾಕಿ. ಲೆಕ್ಕ ತೋರಿಸಲು ಹಿಡಿದ ಅಂಕಿ ಇದು, ಅಂಗಡಿ ದರವಲ್ಲ: ಒಂದು ಯಂತ್ರ 80,000 ರೂಪಾಯಿ, ಇನ್ನೊಂದು 86,000. ಅಂತರ ಶೇ 7.5. ನೀವು ಆಡುವ ಗೇಮ್‌ನಲ್ಲಿ 1% ಲೋ ಶೇ 10 ಏರಿದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಶೇ 3 ಏರಿದರೆ ಆ 6,000ವನ್ನು ಗ್ರಾಫಿಕ್ಸ್ ಕಾರ್ಡ್‌ಗೆ ಸೇರಿಸಿ.

ನಾಳೆಯ ಮಾತೂ ಇದೆ. 14400 ಕೂರುವ ಎಲ್‌ಜಿಎ1700 ಸಾಕೆಟ್‌ನ ದಾರಿ ಮುಗಿದಿದೆ. 2024ರ ಅಕ್ಟೋಬರ್‌ನಲ್ಲಿ ಬಂದ ಕೋರ್ ಅಲ್ಟ್ರಾ 200 ಸರಣಿಗೆ ಬೇರೆಯೇ ಸಾಕೆಟ್. 7600ರ ಎಎಂ5 ಬೋರ್ಡ್‌ನಲ್ಲಿ ಬಯೋಸ್ ಅಪ್‌ಡೇಟ್ ಮಾಡಿ ರೈಜೆನ್ 9000 ಸರಣಿಯ ಚಿಪ್ ಕೂರಿಸಬಹುದು. ಮೂರ್ನಾಲ್ಕು ವರ್ಷಕ್ಕೊಮ್ಮೆ ಬದಲಿಸುವ ಅಭ್ಯಾಸ ಇಲ್ಲದವರಿಗೆ ಈ ಲಾಭ ಕಾಗದದ ಮೇಲಷ್ಟೇ.

13, 14ನೇ ತಲೆಮಾರಿನ ಇಂಟೆಲ್ ಚಿಪ್‌ಗಳು ಕೆಟ್ಟುಹೋಗುತ್ತವೆ ಎಂಬ ಸುದ್ದಿ ಹೆದರಿಸಿದ್ದರೆ: ಇಂಟೆಲ್ ವಾರಂಟಿ ವಿಸ್ತರಿಸಿದ ಪಟ್ಟಿ 13600ಕೆ, 14600ಕೆ ಮತ್ತು ಅವಕ್ಕಿಂತ ಮೇಲಿನವುಗಳದ್ದು, 14400 ಅದರಲ್ಲಿಲ್ಲ. ಬಯೋಸ್ ಮಾತ್ರ ಹೊಸದಿರಲಿ.

ಹಂತ 7: ಜೋಡಿಸಿದ ದಿನ

ರ‍್ಯಾಮ್ ಎರಡು ಕಡ್ಡಿ ಇರಲಿ. ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್‌ನಿಂದ ಎಣಿಸಿ 2 ಮತ್ತು 4ನೇ ಸ್ಲಾಟ್‌ನಲ್ಲಿ ಹಾಕಿ. 7600ರಲ್ಲಿ ನಾಲ್ಕು ಕಡ್ಡಿ ತುಂಬಿದರೆ ಅಧಿಕೃತ ವೇಗ 5200ರಿಂದ 3600ಕ್ಕೆ ಕುಸಿಯುತ್ತದೆ. ಡಿಡಿಆರ್5-6000 ಎಂದು ಕೊಂಡ ಕಡ್ಡಿಯೂ ಬಯೋಸ್‌ನಲ್ಲಿ 'ಎಕ್ಸ್‌ಪೊ' ಆನ್ ಮಾಡುವವರೆಗೆ 4800ರ ಆಸುಪಾಸಿನಲ್ಲೇ ಓಡುತ್ತದೆ. ಎಷ್ಟೋ ಜನ ಹಾಗೇ ವರ್ಷಗಟ್ಟಲೆ ಓಡಿಸುತ್ತಾರೆ. ಇಂಟೆಲ್ ಕಡೆ ಇದರ ಹೆಸರು 'ಎಕ್ಸ್‌ಎಂಪಿ'.

ಎಎಂ5 ಯಂತ್ರವನ್ನು ಮೊದಲ ಸಲ ಆನ್ ಮಾಡಿದಾಗ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪಗಿರುತ್ತದೆ. ಕೆಟ್ಟಿದೆ ಎಂದು ಸ್ವಿಚ್ ಆರಿಸಬೇಡಿ. ಬೋರ್ಡ್ ರ‍್ಯಾಮ್ ಜೊತೆ ಹೊಂದಾಣಿಕೆ ಮಾಡಿಕೊಳ್ಳುತ್ತಿರುತ್ತದೆ, ಅದಕ್ಕೆ ಹಲವು ನಿಮಿಷ ಬೇಕು. ನಡುವೆ ಆರಿಸಿದರೆ ಮತ್ತೆ ಮೊದಲಿನಿಂದ. 15 ನಿಮಿಷ ದಾಟಿದರೂ ಕಪ್ಪಗೇ ಇದ್ದರೆ ಒಂದು ಕಡ್ಡಿ ತೆಗೆದು, ಇನ್ನೊಂದನ್ನು 2ನೇ ಸ್ಲಾಟ್‌ನಲ್ಲಿ ಉಳಿಸಿ ಮತ್ತೊಮ್ಮೆ ಪ್ರಯತ್ನಿಸಿ.